ಹಲ್ಲು ಕೀಳಿಸುವ ಮುನ್ನ ದವಡೆಯ ಕೀಲನ್ನು ನೋಡಿಸಿ

ಕಿವಿಯ ಮುಂದೆ ನೋವು. ಕಿವಿ ವೈದ್ಯರು ನೋಡಿ ಕಿವಿ ಸರಿಯಾಗಿದೆ ಎನ್ನುತ್ತಾರೆ. ಹಲ್ಲಿನ ವೈದ್ಯರು ನೋಡಿ ಹುಳುಕಿಲ್ಲ ಎನ್ನುತ್ತಾರೆ. ತಲೆನೋವಿನ ಮಾತ್ರೆ ನುಂಗಿದರೆ ಎರಡು ತಾಸು ಆರಾಮ, ಆಮೇಲೆ ಮತ್ತೆ ಅದೇ ಪಾಡು. ಆಕಳಿಸಲು ಭಯ, ರೊಟ್ಟಿ ಜಗಿಯಲು ಭಯ, ಬೆಳಿಗ್ಗೆ ಏಳುವಾಗ ಕೆನ್ನೆ ಬಿಗಿದುಕೊಂಡಿರುತ್ತದೆ. ಹೊಸಬಾಳೆಯಂಥ ಊರಿನಿಂದ ಸೊರಬಕ್ಕೆ, ಅಲ್ಲಿಂದ ಶಿಕಾರಿಪುರಕ್ಕೋ ಶಿವಮೊಗ್ಗಕ್ಕೋ ಬಸ್ಸು ಹತ್ತಿ ಅಲೆಯುವ ರೋಗಿಗೆ ಪ್ರತಿ ಅಲೆದಾಟವೂ ಒಂದು ದಿನದ ಕೂಲಿಯ ನಷ್ಟ. ಕೊನೆಗೆ ಬೇಸತ್ತು, ‘ಆ ಹಲ್ಲನ್ನೇ ಕಿತ್ತುಬಿಡಿ ಡಾಕ್ಟ್ರೇ’ ಎಂದು ಕೇಳುವವರಿದ್ದಾರೆ. ಹಲ್ಲು ಹೋದ ಮೇಲೂ ನೋವು ಉಳಿಯುತ್ತದೆ. ಅದರ ಮೂಲ ಹಲ್ಲಿನಲ್ಲಿ ಇರಲೇ ಇಲ್ಲ. ದವಡೆಯ ಕೀಲಿನಲ್ಲೋ ಅದನ್ನು ಆಡಿಸುವ ಸ್ನಾಯುಗಳಲ್ಲೋ ಇತ್ತು.

ಇಂಥ ನೋವಿನಲ್ಲಿ ಬಹುಪಾಲು ಹಲ್ಲು ಕೀಳದೆ, ಶಸ್ತ್ರಚಿಕಿತ್ಸೆಯಿಲ್ಲದೆ, ಫಿಸಿಯೋಥೆರಪಿಯಿಂದ ಮತ್ತು ಅಭ್ಯಾಸದ ತಿದ್ದುಪಡಿಯಿಂದ ಇಳಿಯುತ್ತದೆ. ಆದರೆ ಸೊರಬ, ಶಿಕಾರಿಪುರ ಅಡಿಕೆಯ ಸೀಮೆ. ಇಲ್ಲಿ ಚಿಕಿತ್ಸೆಗೂ ಮೊದಲು ಒಂದು ಪ್ರಶ್ನೆಗೆ ಉತ್ತರ ಸಿಗಬೇಕು: ಬಾಯಿ ತೆರೆಯಗೊಡದೆ ತಡೆಯುತ್ತಿರುವುದು ಸ್ನಾಯುವೋ, ಕೀಲೋ, ಅಥವಾ ಕೆನ್ನೆಯ ಒಳಪದರವೋ? ಉತ್ತರ ಬೇರೆಯಾದರೆ ಚಿಕಿತ್ಸೆಯೂ ಬೇರೆ.

ತಿರುಗುವ, ಜಾರುವ ಕೀಲು

ಎರಡೂ ಕಿವಿಗಳ ಮುಂದೆ, ತೂತಿನ ಪಕ್ಕದಲ್ಲೇ ತೋರುಬೆರಳಿಟ್ಟು ಬಾಯಿಯನ್ನು ನಿಧಾನವಾಗಿ ತೆರೆದು ಮುಚ್ಚಿ. ಬೆರಳಿನಡಿ ಒಂದು ಗುಬುಟು ಮುಂದಕ್ಕೆ ಸರಿದು ಹಿಂದಕ್ಕೆ ಬರುವುದು ತಿಳಿಯುತ್ತದೆ. ಅದು ಕೆಳದವಡೆಯ ತುದಿ. ತಲೆಬುರುಡೆಯ ಪಕ್ಕದ ಮೂಳೆಯಲ್ಲಿರುವ ಗುಳಿಯೊಂದಿಗೆ ಅದು ಸೇರುವ ಜಾಗವನ್ನೇ ವೈದ್ಯರು ಟೆಂಪೊರೊಮ್ಯಾಂಡಿಬ್ಯುಲರ್ ಜಾಯಿಂಟ್, ಚಿಕ್ಕದಾಗಿ ಟಿಎಂಜೆ ಎನ್ನುತ್ತಾರೆ.

ಬಾಯಿ ತೆರೆಯುವಾಗ ಮೊದಲ ಸುಮಾರು 20-25 ಮಿಲಿಮೀಟರ್‌ವರೆಗೆ ಈ ಕೀಲು ಬಾಗಿಲಿನ ತಿರುಗಣಿಯಂತೆ ತಿರುಗುತ್ತದೆ. ಇನ್ನೂ ಅಗಲ ತೆರೆಯಬೇಕಾದರೆ ಗುಳಿಯಿಂದ ಮುಂದಕ್ಕೆ ಜಾರಲೇಬೇಕು. ಎರಡು ಮೂಳೆಗಳ ನಡುವೆ ಒಂದು ತೆಳು ಬಿಲ್ಲೆಯಿದೆ; ಮೂಳೆ ಜಾರುವಾಗ ಅದೂ ಜೊತೆಗೆ ಜಾರಬೇಕು. ಎಡದ ಕೀಲು, ಬಲದ ಕೀಲು ಒಂದೇ ಮೂಳೆಯ ಎರಡು ತುದಿಗಳಾದ್ದರಿಂದ ಒಂದು ಕಡೆ ತಡೆಯಾದರೆ ಇನ್ನೊಂದು ಕಡೆಯೂ ಸರಿಯಾಗಿ ಚಲಿಸದು. ಮಾತು, ಊಟ, ನುಂಗುವಿಕೆ, ಆಕಳಿಕೆ ಎಂದು ದಿನವಿಡೀ ದುಡಿಯುವ ಕೀಲಿದು. ಕೈಮುರಿದವನಿಗೆ ಪಟ್ಟಿ ಕಟ್ಟಿ ವಿಶ್ರಾಂತಿ ಕೊಡಬಹುದು; ದವಡೆಗೆ ಪೂರ್ತಿ ವಿಶ್ರಾಂತಿ ಕೊಡಲಾಗದು.

ಇದನ್ನು ಆಡಿಸುವುದು ಮುಖ್ಯವಾಗಿ ನಾಲ್ಕು ಜೋಡಿ ಸ್ನಾಯುಗಳು. ಹಲ್ಲು ಕಚ್ಚಿದಾಗ ಕೆನ್ನೆಯ ಹಿಂಭಾಗದಲ್ಲಿ ಉಬ್ಬುವುದು ಮಾಸೆಟರ್. ಕಣತಲೆಯಲ್ಲಿ ಮಿಡುಕುವುದು ಟೆಂಪೊರಾಲಿಸ್. ಇನ್ನೆರಡು ಜೋಡಿ ದವಡೆಯ ಒಳಮಗ್ಗುಲಲ್ಲಿ ಅಡಗಿವೆ. ದವಡೆ ನೋವು ಎಂದು ಬರುವವರಲ್ಲಿ ಹೆಚ್ಚಿನವರ ತೊಂದರೆ ಮೂಳೆಯಲ್ಲಲ್ಲ, ಈ ಸ್ನಾಯುಗಳಲ್ಲಿ. ಟೆಂಪೊರಾಲಿಸ್ ಬಿಗಿದರೆ ತಲೆನೋವಾಗಿ ಕಾಣುತ್ತದೆ, ಮಾಸೆಟರ್ ಬಿಗಿದರೆ ಹಿಂಬದಿಯ ಹಲ್ಲುಗಳ ನೋವಾಗಿ ಕಾಣುತ್ತದೆ. ಸರಿಯಾಗಿರುವ ಹಲ್ಲಿನ ಮೇಲೆ ಅಪವಾದ ಬರುವುದು ಹೀಗೆ.

ಮೂರು ಬೆರಳಿನ ಅಳತೆ

ನಿಮ್ಮದೇ ಕೈಯ ಮಧ್ಯದ ಮೂರು ಬೆರಳನ್ನು ಜೋಡಿಸಿ ಮೇಲಿನ ಮತ್ತು ಕೆಳಗಿನ ಮುಂದಿನ ಹಲ್ಲುಗಳ ನಡುವೆ ನಿಲ್ಲಿಸಿ ನೋಡಿ. ವಯಸ್ಕರಲ್ಲಿ ಸಾಮಾನ್ಯವಾಗಿ 40ರಿಂದ 50 ಮಿಲಿಮೀಟರ್ ತೆರೆಯುತ್ತದೆ. ಮೂರು ಬೆರಳು ಹಿಡಿಸುತ್ತವೆ. ಎರಡೇ ಬೆರಳಿಗೆ ನಿಂತರೆ ತಡೆಯಿದೆ ಎಂದರ್ಥ.

ಆಮೇಲೆ ಕನ್ನಡಿಯ ಮುಂದೆ ನಿಂತು ಬಾಯಿ ತೆರೆಯಿರಿ. ಗದ್ದ ನೇರ ಕೆಳಗಿಳಿಯುತ್ತಿದೆಯೇ? ದಾರಿಯಲ್ಲಿ ‘ಟಕ್’ ಎಂದು ಸದ್ದಾಗಿ, ಗದ್ದ ಒಂದು ಬದಿಗೆ ಹೋಗಿ ಮತ್ತೆ ನಡುವಿಗೆ ಬಂದರೆ, ಜಾಗ ಬಿಟ್ಟಿದ್ದ ಬಿಲ್ಲೆ ಮರಳಿ ಜಾಗಕ್ಕೆ ಕೂರುತ್ತಿದೆ ಎಂದು ತಿಳಿಯಬಹುದು. ಸದ್ದು ನಿಂತುಹೋಗಿ, ಬಾಯಿ ಅರ್ಧಕ್ಕೇ ಸಿಕ್ಕಿಕೊಂಡು, ಗದ್ದ ನೋವಿನ ಕಡೆಗೇ ವಾಲಿದರೆ ಬಿಲ್ಲೆ ಮುಂದೆ ಸರಿದು ಅಡ್ಡ ನಿಂತಿರಬಹುದು. ನೋವಿಲ್ಲದ ಬರೀ ಸದ್ದು ಬಹಳ ಜನರಲ್ಲಿ ಇರುತ್ತದೆ. ಅದಕ್ಕೆ ಚಿಕಿತ್ಸೆಯೇ ಬೇಡ. ಸದ್ದಿಗೆ ಹೆದರಿ ಸ್ಕ್ಯಾನಿಂಗ್‌ಗೆ ಓಡುವುದೂ ಬೇಡ.

ದವಡೆ ನೋವು 20ರಿಂದ 40ರ ವಯಸ್ಸಿನಲ್ಲಿ ಹೆಚ್ಚು, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚು. ಹಲ್ಲು ಕಚ್ಚುವ ಅಭ್ಯಾಸ, ನಿದ್ದೆಯಲ್ಲಿ ಹಲ್ಲು ಕಡಿಯುವುದು, ಪೆಟ್ಟು, ಚಿಂತೆ, ನಿದ್ದೆಗೇಡು, ಸಂಧಿವಾತ ಇವೆಲ್ಲ ಕಾರಣಗಳ ಪಟ್ಟಿಯಲ್ಲಿವೆ. ಒಬ್ಬರಲ್ಲೇ ಎರಡು ಮೂರು ಕೂಡಿರುವುದೂ ಉಂಟು. ಇದರ ಜೊತೆಗೆ ಕುತ್ತಿಗೆ. ದವಡೆಯಿಂದ ನೋವಿನ ಸುದ್ದಿ ಒಯ್ಯುವ ನರವೂ ಮೇಲ್ಕುತ್ತಿಗೆಯ ನರಗಳೂ ಮಿದುಳಿನ ಬುಡದಲ್ಲಿ ಒಂದೇ ಕಡೆ ಸೇರುತ್ತವೆ. ಆದ್ದರಿಂದ ಕುತ್ತಿಗೆ ಬಿಗಿದವರಲ್ಲಿ ದವಡೆ ನೋವೂ ಜೊತೆಗೂಡುವುದು ಸಾಮಾನ್ಯ. ಸುಗ್ಗಿಯಲ್ಲಿ ರಾತ್ರಿಯವರೆಗೆ ಮೆಟ್ಟುಗತ್ತಿಯ ಮುಂದೆ ತಲೆ ಬಗ್ಗಿಸಿ ಅಡಿಕೆ ಸುಲಿಯುವ ಹೆಣ್ಣುಮಕ್ಕಳು, ಗಂಧದ ತುಂಡಿನ ಮೇಲೆ ಬಾಗಿ ಉಳಿ ಹಿಡಿಯುವ ಸೊರಬದ ಗುಡಿಗಾರರು, ಮೊಬೈಲಿನ ಮೇಲೆ ಬಾಗಿರುವ ಕಾಲೇಜು ಮಕ್ಕಳು ಮೂವರ ಕುತ್ತಿಗೆಯ ಮೇಲೂ ಬೀಳುವ ಭಾರ ಒಂದೇ ಬಗೆಯದು. ಹಾಗಾಗಿ ದವಡೆ ಪರೀಕ್ಷಿಸುವ ಫಿಸಿಯೋಥೆರಪಿಸ್ಟ್ ಕುತ್ತಿಗೆಯನ್ನೂ ಮುಟ್ಟಿ ನೋಡಬೇಕು.

ಅಡಿಕೆ ಸೀಮೆಯ ಬೇರೆಯದೇ ಕಾಯಿಲೆ

ಬಾಯಿ ಎರಡೇ ಬೆರಳು ತೆರೆಯುತ್ತದೆ, ಆದರೆ ಕಿವಿಯ ಮುಂದೆ ಒತ್ತಿದರೆ ನೋವಿಲ್ಲ. ಸಾರಿನ ಖಾರ ತಾಗಿದರೆ ಬಾಯೆಲ್ಲ ಉರಿ. ಕೆನ್ನೆಯ ಒಳಭಾಗ ಬಿಳಿಚಿ ಗಟ್ಟಿಯಾಗಿದೆ. ನಾಲಿಗೆ ಮೊದಲಿನಷ್ಟು ಹೊರಗೆ ಬರುವುದಿಲ್ಲ. ಶಿಳ್ಳೆ ಹಾಕಲು, ಕೊಳವೆಯಿಂದ ಒಲೆ ಊದಲು ಆಗುವುದಿಲ್ಲ. ಹೀಗಿದ್ದರೆ ತೊಂದರೆ ಕೀಲಿನದಲ್ಲ. ಅದು ಸಬ್‌ಮ್ಯೂಕಸ್ ಫೈಬ್ರೋಸಿಸ್, ಬಾಯಿಯ ಒಳಪದರದ ಅಡಿಯಲ್ಲಿ ನಾರು ಕಟ್ಟುವ ರೋಗ. 1952ರಲ್ಲಿ ಶ್ವಾರ್ಟ್ಸ್ ಎಂಬ ವೈದ್ಯರು ಪೂರ್ವ ಆಫ್ರಿಕದಲ್ಲಿ ನೆಲೆಸಿದ್ದ ಐವರು ಭಾರತೀಯ ಮಹಿಳೆಯರಲ್ಲಿ ಇದನ್ನು ಕಂಡು ದಾಖಲಿಸಿದರು. ಮರುವರ್ಷವೇ ಮುಂಬಯಿಯ ಡಾ. ಜೋಶಿ ಈಗ ಬಳಕೆಯಲ್ಲಿರುವ ಹೆಸರನ್ನು ಕೊಟ್ಟರು. ಅಡಿಕೆಯಲ್ಲಿರುವ ಅರೆಕೊಲಿನ್ ಎಂಬ ರಾಸಾಯನಿಕ ಒಳಪದರದಲ್ಲಿ ನಾರಿನ ಅಂಶ ಹೆಚ್ಚು ಕಟ್ಟುವಂತೆ ಮಾಡುತ್ತದೆ. ಕಟ್ಟಿದ್ದು ಸುಲಭವಾಗಿ ಕರಗುವುದಿಲ್ಲ. ವರ್ಷ ಕಳೆದಂತೆ ಬಾಯಿ ಒಳಗಿನಿಂದಲೇ ಮುಚ್ಚಿಕೊಳ್ಳುತ್ತ ಬರುತ್ತದೆ. ಕೆಲವರಲ್ಲಿ ಮುಂದೆ ಬಾಯಿಯ ಕ್ಯಾನ್ಸರ್ ಆಗುತ್ತದೆ.

ಅಡಿಕೆ ನಂಬಿ ಬದುಕುವ ಮನೆಗಳ ನಡುವೆ ನಿಂತು ಇದನ್ನು ಹೇಳುವುದು ಸುಲಭವಲ್ಲ. ಮಕ್ಕಳ ಓದು, ಮದುವೆ, ಮನೆಸಾಲ ಎಲ್ಲವೂ ಶಿವಮೊಗ್ಗ ಮಂಡಿಯಲ್ಲಿ ರಾಶಿ ಅಡಿಕೆಗೆ ಸಿಗುವ ದರದ ಮೇಲೆ ನಿಂತಿರುತ್ತವೆ. ಆದರೂ ಹೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅಡಿಕೆಯನ್ನು, ತಂಬಾಕು ಸೇರದಿದ್ದರೂ, ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ 2004ರಲ್ಲಿ ಸೇರಿಸಿದೆ. ಊಟದ ಮೇಲೆ ಅಪರೂಪಕ್ಕೊಂದು ಎಲೆಅಡಿಕೆ ಹಾಕುವವರಿಗಿಂತ ದಿನವಿಡೀ ಕೆನ್ನೆಯಲ್ಲಿ ಪಾನ್ ಮಸಾಲೆ ಇಟ್ಟುಕೊಳ್ಳುವ ಹುಡುಗರಿಗೆ ಅಪಾಯ ಬಹಳ ಬೇಗ ಬರುತ್ತದೆ. ಕರ್ನಾಟಕ ಸರ್ಕಾರ 2013ರಲ್ಲಿ ಗುಟ್ಕಾ ನಿಷೇಧಿಸಿತು. ಅಂಗಡಿಗಳಲ್ಲಿ ಪಾನ್ ಮಸಾಲೆ ಒಂದು ಪ್ಯಾಕೆಟ್, ತಂಬಾಕು ಇನ್ನೊಂದು ಪ್ಯಾಕೆಟ್ ಆಯಿತು. ಬಾಯಿಗೆ ಹೋಗುವಾಗ ಎರಡೂ ಒಂದೇ.

ಈ ರೋಗದಲ್ಲೂ ಬಾಯಿ ಹಿಗ್ಗಿಸುವ ವ್ಯಾಯಾಮಕ್ಕೆ ಜಾಗವಿದೆ. ಮರದ ಚಪ್ಪಟೆ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲುಗಳ ನಡುವೆ ಇಟ್ಟು, ದಿನ ಕಳೆದಂತೆ ಕಡ್ಡಿ ಹೆಚ್ಚಿಸುತ್ತ ಹೋಗುವ ಕ್ರಮವನ್ನು ಆಸ್ಪತ್ರೆಗಳಲ್ಲಿ ಕಲಿಸುತ್ತಾರೆ. ಆದರೆ ಅಡಿಕೆ, ಗುಟ್ಕಾ ಜಗಿಯುವುದು ನಿಲ್ಲದ ಹೊರತು ವ್ಯಾಯಾಮದಿಂದ ಗಳಿಸಿದ್ದು ಉಳಿಯದು. ಬಿಟ್ಟ ಮೇಲೂ ಹಲ್ಲಿನ ವೈದ್ಯರಿಗೆ ಆಗಾಗ ಬಾಯಿ ತೋರಿಸುತ್ತಿರಬೇಕು. ತಂಬಾಕು ಬಿಡಲು ನೆರವು ಬೇಕಾದವರು 1800-11-2356 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಉಚಿತವಾಗಿ ಕರೆ ಮಾಡಬಹುದು.

ಮಕ್ಕಳ ವಿಷಯದಲ್ಲಿ ಇನ್ನೊಂದು ಎಚ್ಚರ. ಮರದಿಂದ, ಸೈಕಲ್ಲಿನಿಂದ ಬಿದ್ದು ಗದ್ದಕ್ಕೆ ಪೆಟ್ಟಾದ ಮಗುವಿನ ಗಾಯಕ್ಕೆ ಹೊಲಿಗೆ ಹಾಕಿಸಿ ಸುಮ್ಮನಾಗುತ್ತೇವೆ. ಗದ್ದಕ್ಕೆ ಬಿದ್ದ ಪೆಟ್ಟು ನೇರ ಕೀಲಿಗೆ ಹೋಗುತ್ತದೆ. ಅಲ್ಲಿ ಬಿರುಕು ಬಿಟ್ಟದ್ದು ಗಮನಕ್ಕೆ ಬಾರದಿದ್ದರೆ ಮುಂದೆ ಮೂಳೆಗೆ ಮೂಳೆ ಬೆಸೆದುಕೊಳ್ಳಬಹುದು. ಬಾಯಿ ಮುಚ್ಚಿಹೋಗಿ, ದವಡೆಯ ಬೆಳವಣಿಗೆಯೂ ಕುಂಠಿತವಾಗುತ್ತದೆ. ಆಗ ಶಸ್ತ್ರಚಿಕಿತ್ಸೆಯೇ ದಾರಿ. ಅದಾದ ಮೇಲೆ ತಿಂಗಳುಗಟ್ಟಲೆ ಬಾಯಿ ತೆರೆಯುವ ವ್ಯಾಯಾಮ ಮಾಡದಿದ್ದರೆ ಕೀಲು ಮತ್ತೆ ಬೆಸೆಯಬಹುದು. ಗದ್ದಕ್ಕೆ ಪೆಟ್ಟಾದ ಮಗು ಬಾಯಿ ಪೂರ್ತಿ ತೆರೆಯುತ್ತಿದೆಯೇ ಎಂದು ಮುಂದಿನ ಕೆಲವು ತಿಂಗಳು ಗಮನಿಸುತ್ತಿರಿ.

ಕಚ್ಚಿನ ದೋಷವೆಂಬ ಹಳೆಯ ನಂಬಿಕೆ

ಕಿವಿಯ ತೊಂದರೆಗೂ ದವಡೆಯ ಕೀಲಿಗೂ ನಂಟಿದೆ ಎಂದು 1934ರಲ್ಲಿ ಬರೆದು ಗಮನ ಸೆಳೆದವರು ಅಮೆರಿಕದ ಸೇಂಟ್ ಲೂಯಿಸ್ ನಗರದ ಕಿವಿ-ಮೂಗು-ಗಂಟಲು ವೈದ್ಯ ಜೇಮ್ಸ್ ಕಾಸ್ಟೆನ್. ಹಿಂಬದಿಯ ಹಲ್ಲು ಹೋಗಿ ದವಡೆ ಮೇಲೇರಿ ಕೀಲನ್ನು ಒತ್ತುತ್ತದೆ ಎಂಬುದು ಅವರ ವಿವರಣೆ. ಆ ವಿವರಣೆ ನಿಲ್ಲಲಿಲ್ಲ. ಆದರೆ ಹಲ್ಲುಗಳ ಕಚ್ಚಿನ ದೋಷವೇ ಎಲ್ಲಕ್ಕೂ ಮೂಲ ಎಂಬ ನಂಬಿಕೆ ದಶಕಗಳ ಕಾಲ ಉಳಿಯಿತು. ಎಷ್ಟೋ ಜನರ ಗಟ್ಟಿ ಹಲ್ಲುಗಳನ್ನು ಉಜ್ಜಿ ಸವೆಸಲಾಯಿತು. ಅಮೆರಿಕದಲ್ಲಿ 1980ರ ದಶಕದಲ್ಲಿ ಬಿಲ್ಲೆ ತೆಗೆದು ಟೆಫ್ಲಾನ್ ತುಂಡು ಕೂರಿಸುವ ಶಸ್ತ್ರಚಿಕಿತ್ಸೆ ನಡೆಯಿತು. ಆ ತುಂಡುಗಳು ಚೂರಾಗಿ ಮೂಳೆಯನ್ನೇ ತಿಂದವು, ಕೊನೆಗೆ ಮಾರುಕಟ್ಟೆಯಿಂದ ಹಿಂತೆಗೆಯಬೇಕಾಯಿತು.

ಈ ಕಹಿ ಅನುಭವದ ನಂತರ ವೈದ್ಯಲೋಕ ಹಿಂದಿರುಗಿಸಲಾಗದ ಚಿಕಿತ್ಸೆಗಳ ಬಗ್ಗೆ ಎಚ್ಚರ ತಾಳಿದೆ. ಮೂರು ತಿಂಗಳಿಗೂ ಮೀರಿದ ದವಡೆ ನೋವಿನ ಬಗ್ಗೆ 2023ರ ಡಿಸೆಂಬರ್‌ನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಅಂತಾರಾಷ್ಟ್ರೀಯ ಮಾರ್ಗಸೂಚಿಯೊಂದನ್ನು ಪ್ರಕಟಿಸಿತು. ಅದು ಬಲವಾಗಿ ಶಿಫಾರಸು ಮಾಡಿದ್ದು ಇವನ್ನು: ಕೀಲನ್ನು ಕೈಯಿಂದ ಸಡಿಲಿಸುವ ಚಿಕಿತ್ಸೆ, ಸ್ನಾಯುವಿನ ಗಂಟುಗಳನ್ನು ಒತ್ತಿ ಬಿಡಿಸುವುದು, ಮೇಲ್ವಿಚಾರಣೆಯಲ್ಲಿ ದವಡೆಯ ಮತ್ತು ಭಂಗಿಯ ವ್ಯಾಯಾಮ, ನೋವಿನ ಬಗೆಗಿನ ಯೋಚನೆ ಮತ್ತು ವರ್ತನೆಯನ್ನು ತಿದ್ದುವ ಆಪ್ತಸಮಾಲೋಚನೆ, ಜೊತೆಗೆ ರೋಗಿಗೆ ತಿಳಿಹೇಳಿ ಧೈರ್ಯ ತುಂಬಿ ಮನೆಯ ವ್ಯಾಯಾಮ ಕಲಿಸುವುದು. ಬಲವಾಗಿ ಬೇಡ ಎಂದದ್ದು ಬಿಲ್ಲೆ ತೆಗೆಯುವ ಶಸ್ತ್ರಚಿಕಿತ್ಸೆಯನ್ನು ಮತ್ತು ಹಲ್ಲುಗಳ ಜೋಡಣೆಯನ್ನೇ ಶಾಶ್ವತವಾಗಿ ಬದಲಿಸುವ ಉಪಕರಣಗಳನ್ನು.

ಆ ಪಟ್ಟಿಯ ಇನ್ನೊಂದು ಅಂಶ ನಮ್ಮ ಕಡೆಯ ರೋಗಿಗಳಿಗೆ ಮುಖ್ಯ. ಫಿಸಿಯೋಥೆರಪಿ ಎಂದರೆ ‘ಕರೆಂಟ್ ಕೊಡಿಸಿಕೊಳ್ಳುವುದು’ ಎಂದೇ ಹಲವರು ತಿಳಿದಿದ್ದಾರೆ. ಟೆನ್ಸ್ ಎಂಬ ಆ ಕರೆಂಟ್ ಯಂತ್ರವನ್ನೂ ಕಡಿಮೆ ಶಕ್ತಿಯ ಲೇಸರನ್ನೂ ದವಡೆ ನೋವಿಗೆ ಸಾಮಾನ್ಯವಾಗಿ ಬಳಸದಿರುವುದೇ ಒಳ್ಳೆಯದೆಂದು ಮಾರ್ಗಸೂಚಿ ಹೇಳುತ್ತದೆ. ಗುಣ ಕಾಣುವುದು ಪರಿಣತ ಕೈಯಿಂದ ಮತ್ತು ನೀವೇ ಮಾಡುವ ವ್ಯಾಯಾಮದಿಂದ.

ಫಿಸಿಯೋಥೆರಪಿಸ್ಟ್ ಏನು ಮಾಡುತ್ತಾರೆ?

ಮೊದಲು ಕೇಳುತ್ತಾರೆ: ನೋವು ಯಾವಾಗಿನಿಂದ, ಬೆಳಿಗ್ಗೆ ಹೆಚ್ಚೋ ಸಂಜೆಯೋ, ನಿದ್ದೆ ಹೇಗೆ, ಏನು ಜಗಿಯುತ್ತೀರಿ, ಮನೆಯಲ್ಲಿ ಚಿಂತೆ ಏನಾದರೂ ಉಂಟೇ ಎಂದು. ಅಳತೆಪಟ್ಟಿ ಹಿಡಿದು ಬಾಯಿ ಎಷ್ಟು ತೆರೆಯುತ್ತದೆ ಎಂದು ಬರೆದಿಟ್ಟುಕೊಳ್ಳುತ್ತಾರೆ. ಕೆನ್ನೆ, ಕಣತಲೆ, ಕುತ್ತಿಗೆಯ ಸ್ನಾಯುಗಳನ್ನು ಒತ್ತಿ, ನಿಮ್ಮ ಮಾಮೂಲಿ ನೋವು ಯಾವ ಜಾಗದಲ್ಲಿ ಎದ್ದು ಬರುತ್ತದೆ ಎಂದು ಹುಡುಕುತ್ತಾರೆ. ಆಮೇಲೆ ಕೈಗವಸು ತೊಟ್ಟು ಬಾಯೊಳಗೆ ಹೆಬ್ಬೆರಳಿಟ್ಟು, ಕೆಳಗಿನ ಹಿಂಬದಿಯ ಹಲ್ಲುಗಳ ಮೇಲೆ ಮೆಲ್ಲಗೆ ಕೆಳಮುಖವಾಗಿ ಒತ್ತಿ ಕೀಲಿನ ನಡುವೆ ತುಸು ಜಾಗ ಮಾಡುತ್ತಾರೆ. ಮುಂದಕ್ಕೆ, ಬದಿಗೆ ಹಗುರವಾಗಿ ಆಡಿಸುತ್ತಾರೆ. ಕೆನ್ನೆಯ ಒಳಗಿನಿಂದ ಒಂದು ಬೆರಳು, ಹೊರಗಿನಿಂದ ಒಂದು ಬೆರಳು ಹಿಡಿದು ಬಿಗಿದ ಮಾಸೆಟರ್ ಅನ್ನು ಸಡಿಲಿಸುತ್ತಾರೆ. ಇದರಲ್ಲಿ ಎಳೆದಾಟವಿಲ್ಲ, ‘ಲಟಕ್’ ಎನ್ನಿಸುವ ಆತುರವೂ ಇಲ್ಲ. ಊರಲ್ಲಿ ಯಾರೋ ಎಣ್ಣೆ ಹಚ್ಚಿ ದವಡೆಯನ್ನು ಜಗ್ಗುತ್ತಾರೆಂದರೆ ಒಪ್ಪಬೇಡಿ.

ಪ್ರತಿ ಭೇಟಿಯಲ್ಲಿ ಅಳತೆ ಮತ್ತೆ ತೆಗೆಯುತ್ತಾರೆ. 28 ಮಿಲಿಮೀಟರ್ ಇದ್ದದ್ದು 34 ಆದರೆ ದಾರಿ ಸರಿಯಿದೆ. ಕೆಲವು ವಾರ ಕಳೆದರೂ ಅಂಕಿ ಕದಲದಿದ್ದರೆ ಕಾರಣವನ್ನು ಮತ್ತೊಮ್ಮೆ ಹುಡುಕಬೇಕು, ಹಲ್ಲಿನ ವೈದ್ಯರ ಜೊತೆ ಮಾತಾಡಬೇಕು.

ಮನೆಯಲ್ಲಿ ಮಾಡುವುದು

ಎಲ್ಲಕ್ಕಿಂತ ದೊಡ್ಡ ಮದ್ದು ಹಲ್ಲುಗಳನ್ನು ಬಿಟ್ಟಿರುವುದು. ತಿನ್ನುವಾಗ, ನುಂಗುವಾಗ ಬಿಟ್ಟರೆ ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ತಾಗುವ ಅಗತ್ಯವೇ ಇಲ್ಲ. ತುಟಿ ಮುಚ್ಚಿರಲಿ, ಹಲ್ಲು ಬಿಟ್ಟಿರಲಿ, ನಾಲಿಗೆಯ ತುದಿ ಮೇಲಿನ ಮುಂದಿನ ಹಲ್ಲುಗಳ ತುಸು ಹಿಂದೆ ಅಂಗುಳಕ್ಕೆ ಹಗುರವಾಗಿ ತಾಗಿರಲಿ, ಉಸಿರು ಮೂಗಿನಿಂದ ಸಾಗಲಿ. ಭಾರ ಎತ್ತುವಾಗ, ಬೈಕಿನಲ್ಲಿ ಕುಲುಕುವಾಗ, ಸಿಟ್ಟು ಬಂದಾಗ ಹಲ್ಲು ಕಚ್ಚಿಕೊಂಡಿದ್ದೀರಾ ಎಂದು ನೋಡಿಕೊಳ್ಳಿ. ಕಚ್ಚಿದ್ದು ಗೊತ್ತಾದ ಕೂಡಲೇ ಬಿಡಿ.

ಮೊದಲ ವ್ಯಾಯಾಮ: ನಾಲಿಗೆಯ ತುದಿ ಅಂಗುಳ ಬಿಡದಂತೆ ಬಾಯಿಯನ್ನು ನಿಧಾನವಾಗಿ ತೆರೆದು ಮುಚ್ಚಿ. ನಾಲಿಗೆ ಅಲ್ಲೇ ಇದ್ದರೆ ಕೀಲು ತಿರುಗುತ್ತದೆಯೇ ಹೊರತು ಹೆಚ್ಚು ಮುಂದೆ ಜಾರುವುದಿಲ್ಲ. ಕನ್ನಡಿ ನೋಡಿಕೊಂಡು ಗದ್ದವನ್ನು ನೇರ ಇಳಿಸಿ.

ಎರಡನೆಯದು: ಬಾಯಿಯನ್ನು ಸ್ವಲ್ಪ ತೆರೆದು, ಗದ್ದದ ಕೆಳಗೆ ಹೆಬ್ಬೆರಳಿಟ್ಟು, ಇನ್ನೂ ತೆರೆಯಲು ಹಗುರವಾಗಿ ಯತ್ನಿಸಿ, ಬೆರಳು ತಡೆಯಲಿ, ದವಡೆ ಕದಲದಿರಲಿ. 5-6 ಸೆಕೆಂಡು ಹಿಡಿದು ಬಿಡಿ. ಗದ್ದದ ಎಡಕ್ಕೆ, ಬಲಕ್ಕೆ ಬೆರಳಿಟ್ಟೂ ಹೀಗೇ ಮಾಡಿ.

ಮೂರನೆಯದು ಕುತ್ತಿಗೆಗೆ: ಬೆನ್ನು ನೇರಮಾಡಿ ಕುಳಿತು, ತಲೆ ಬಗ್ಗಿಸದೆ ಗದ್ದವನ್ನು ಹಿಂದಕ್ಕೆ ಸೆಳೆದು ಕೆಲವು ಸೆಕೆಂಡು ನಿಲ್ಲಿಸಿ.

ಚಿಲಿ ದೇಶದ ಫಿಸಿಯೋಥೆರಪಿಸ್ಟ್ ಮರಿಯಾನೊ ರೊಕಬಾಡೊ ಇಂಥ ಆರು ವ್ಯಾಯಾಮಗಳನ್ನು ತಲಾ ಆರು ಸಲದಂತೆ ದಿನಕ್ಕೆ ಆರು ಬಾರಿ ಮಾಡುವ ಕ್ರಮವನ್ನು ಹಾಕಿಕೊಟ್ಟಿದ್ದಾರೆ. ಅದರ ಗುಟ್ಟು ಬಲದಲ್ಲಿಲ್ಲ, ಆಗಾಗ ಮಾಡುವುದರಲ್ಲಿದೆ. ಮಾಡುವಾಗ ನೋವು ಚುಚ್ಚಿದರೆ ಅಲ್ಲಿಗೇ ನಿಲ್ಲಿಸಿ ತಜ್ಞರನ್ನು ಕೇಳಿ.

ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಕೆನ್ನೆಗೆ 10-15 ನಿಮಿಷ ಶಾಖ ಕೊಡಬಹುದು. ನೋವು ಜೋರಿರುವ ಒಂದೆರಡು ವಾರ ಗಂಜಿ, ಮೆತ್ತನೆಯ ಅನ್ನ, ಇಡ್ಲಿ ಸಾಕು. ಚಕ್ಕುಲಿ, ಹುರಿಗಡಲೆ, ಕಬ್ಬು, ಒಣರೊಟ್ಟಿ ಬೇಡ. ಎರಡೂ ಬದಿಯಲ್ಲಿ ಅಗಿಯಿರಿ. ನೋವಿಳಿದಂತೆ ಮಾಮೂಲಿ ಊಟಕ್ಕೆ ಮರಳಿ. ತಿಂಗಳುಗಟ್ಟಲೆ ಗಂಜಿಯಲ್ಲೇ ಉಳಿದರೆ ಸ್ನಾಯು ಸೊರಗುತ್ತದೆ. ಆಕಳಿಕೆ ಬಂದಾಗ ಗದ್ದದ ಕೆಳಗೆ ಮುಷ್ಟಿ ಕೊಡಿ. ಬೋರಲು ಮಲಗುವುದು, ಉಗುರು ಕಚ್ಚುವುದು, ಫೋನನ್ನು ಕಿವಿ ಹೆಗಲ ನಡುವೆ ಸಿಕ್ಕಿಸಿಕೊಳ್ಳುವುದು ಬಿಡಿ. ರಾತ್ರಿ ಹಲ್ಲು ಕಡಿಯುವುದು ಹೆಚ್ಚಿದ್ದರೆ ಹಲ್ಲು ಸವೆಯದಂತೆ ಕಾಯುವ, ತೆಗೆದು ಹಾಕಬಹುದಾದ ರಕ್ಷಾಕವಚದ ಬಗ್ಗೆ ಹಲ್ಲಿನ ವೈದ್ಯರನ್ನು ಕೇಳಬಹುದು; ಆದರೆ ನೋವಿಗೆ ಅದೊಂದೇ ಪರಿಹಾರ ಎಂದು ಕೂರಬೇಡಿ.

ಕಾಯಬಾರದ ಹೊತ್ತು

ನಡೆಯುವಾಗ, ಏರು ಹತ್ತುವಾಗ ದವಡೆ ನೋವು ಬಂದು, ಎದೆ ಬಿಗಿತ, ಬೆವರು, ಉಬ್ಬಸ ಜೊತೆಗಿದ್ದರೆ ಅದು ಹೃದಯಾಘಾತದ ಸೂಚನೆಯಿರಬಹುದು. ತಕ್ಷಣ 108ಕ್ಕೆ ಕರೆ ಮಾಡಿ. ಗಾಯವಾದ ಕೆಲವು ದಿನಗಳಲ್ಲಿ ದವಡೆ ಕಚ್ಚಿಕೊಂಡು ಕುತ್ತಿಗೆ ಸೆಟೆದರೆ ಧನುರ್ವಾಯುವಿನ ಶಂಕೆ. ಆಕಳಿಸಿದ ಮೇಲೆ ಬಾಯಿ ಮುಚ್ಚಲಾಗದಿದ್ದರೆ ಕೀಲು ಜಾರಿದೆ. ಮನೆಯಲ್ಲಿ ಒತ್ತದೆ ಆಸ್ಪತ್ರೆಗೆ ಹೋಗಿ. ಜ್ವರದ ಜೊತೆ ಊತ ಇದ್ದರೆ ಕೀವು ತುಂಬಿರಬಹುದು. 50 ದಾಟಿದವರಿಗೆ ಹೊಸದಾಗಿ ಕಣತಲೆಯ ನೋವು, ಅಗಿಯುವಾಗ ದವಡೆ ಸೋಲುವುದು, ಕಣ್ಣು ಮಂಜಾಗುವುದು ಕಂಡರೆ ಅದೇ ದಿನ ವೈದ್ಯರನ್ನು ಕಾಣಬೇಕು. ತಡವಾದರೆ ದೃಷ್ಟಿ ಹೋಗಬಹುದು. ಮೂರು ವಾರಕ್ಕೂ ವಾಸಿಯಾಗದ ಬಾಯಿಹುಣ್ಣು, ಗಂಟು, ಮುಖ ಮರಗಟ್ಟುವುದು ಇವನ್ನೂ ತಳ್ಳಿಹಾಕಬೇಡಿ.

ಇಷ್ಟರಲ್ಲಿ ಯಾವುದೂ ಇಲ್ಲದಿದ್ದರೆ ದೂರದ ಊರಿಗೆ ಓಡುವ ಮುನ್ನ ತಾಲೂಕು ಆಸ್ಪತ್ರೆಯ ದಂತ ವಿಭಾಗದಿಂದಲೇ ಶುರುಮಾಡಿ. ಅಲ್ಲಿ ಫಿಸಿಯೋಥೆರಪಿಸ್ಟ್ ಇದ್ದಾರೆಯೇ ಎಂದು ವಿಚಾರಿಸಿ. ಮುಂದಿನ ಪರೀಕ್ಷೆ ಬೇಕಾದರೆ ಶಿವಮೊಗ್ಗದಲ್ಲಿ ಮೆಗ್ಗಾನ್ ಆಸ್ಪತ್ರೆಯಿದೆ, ಶರಾವತಿ ದಂತ ವೈದ್ಯಕೀಯ ಕಾಲೇಜಿದೆ.

ಆರೋಗ್ಯ ಇಲಾಖೆಗೂ ಒಂದು ಮನವಿ. ರಕ್ತದೊತ್ತಡ, ಸಕ್ಕರೆ ನೋಡಲು ನಡೆಸುವ ಶಿಬಿರಗಳಲ್ಲೇ ಮೂರು ಬೆರಳಿನ ಪರೀಕ್ಷೆಯನ್ನೂ ಸೇರಿಸಿ. ಆಶಾ ಕಾರ್ಯಕರ್ತೆಯರಿಗೆ ಅದನ್ನು ಕಲಿಸಲು ಅರ್ಧ ತಾಸು ಸಾಕು, ಉಪಕರಣ ಯಾವುದೂ ಬೇಡ. ಎರಡು ಬೆರಳಿಗೆ ನಿಂತ ಬಾಯಿಗಳಲ್ಲಿ ಕೆಲವು ಕೀಲಿನ ಬಿಗಿತದವು. ಅವರು ವ್ಯಾಯಾಮದಿಂದ ಚೇತರಿಸಿಕೊಳ್ಳುತ್ತಾರೆ. ಕೆಲವು ಅಡಿಕೆ, ಗುಟ್ಕಾ ಮುಚ್ಚಿಸುತ್ತಿರುವ ಬಾಯಿಗಳು. ಅವರನ್ನು ಕ್ಯಾನ್ಸರ್ ಹತ್ತಿರ ಬರುವ ಮೊದಲೇ ತಡೆದು ನಿಲ್ಲಿಸಬಹುದು. ಅಡಿಕೆ ಬೆಳೆದು ನಾಡಿಗೆ ಕೊಡುವ ಈ ತಾಲೂಕುಗಳ ಜನರಿಗೆ ಇಷ್ಟು ಕಾಳಜಿ ಸಲ್ಲಲೇಬೇಕು.